ಡಿಸ್ಕಿನ ಬೇಲಿ ದಾಟಿದ ಕಡತಗಳು

ಸರ್ವರಿನಲ್ಲಿ ಜಾಗ ಮುಗಿಯುತ್ತಾ ಬಂದರೆ ಇಂದಿನ ನಿರ್ವಾಹಕರು ಗಾಬರಿಯಾಗುವುದಿಲ್ಲ. ಹೊಸ ಡಿಸ್ಕ್ ಸೇರಿಸಿ ಮೂರ್ನಾಲ್ಕು ಕಮಾಂಡ್ ಕೊಡುತ್ತಾರೆ, ಜಾಗ ಹಿಗ್ಗುತ್ತದೆ. ಡೇಟಾಬೇಸ್ ನಿಲ್ಲುವುದಿಲ್ಲ, ಬಳಸುತ್ತಿರುವವರಿಗೆ ಗೊತ್ತೂ ಆಗುವುದಿಲ್ಲ. ಇದೇ ಕೆಲಸಕ್ಕೆ ಹಿಂದೊಮ್ಮೆ ಇಡೀ ಯಂತ್ರವನ್ನು ನಿಲ್ಲಿಸಿ ರಾತ್ರಿಯೆಲ್ಲ ಎಚ್ಚರವಿರಬೇಕಿತ್ತು. ಈ ಬದಲಾವಣೆಯ ಹಿಂದಿರುವುದು ‘ವಾಲ್ಯೂಮ್ ಗ್ರೂಪ್’ ಎಂಬ ಒಂದು ಸರಳ ಯೋಚನೆ.

1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಯುನಿಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆ ಕಟ್ಟಲು ತೊಡಗಿದಾಗ ಡಿಸ್ಕ್ ಬಲು ದುಬಾರಿ ವಸ್ತು. ವೇಗದ ಪುಟ್ಟ ಡಿಸ್ಕಿನಲ್ಲಿ ಮೂಲ ವ್ಯವಸ್ಥೆ, ನಿಧಾನದ ದೊಡ್ಡ ಡಿಸ್ಕಿನಲ್ಲಿ ಬಳಕೆದಾರರ ಕಡತಗಳು ಎಂದು ಅವರು ಹಂಚಿಕೊಂಡರು. ಆ ಎರಡನೆಯದಕ್ಕೆ ‘ಯುಎಸ್‌ಆರ್’ ಎಂಬ ಡೈರೆಕ್ಟರಿ. ಮೊದಲ ಡಿಸ್ಕಿನಲ್ಲಿ ಹಿಡಿಸದ ಪ್ರೋಗ್ರಾಂಗಳು ಬರಬರುತ್ತ ಅಲ್ಲಿಗೇ ಬಂದು ಕೂತವು. ಇಂದಿನ ಲಿನಕ್ಸ್ ಯಂತ್ರಗಳಲ್ಲೂ ಅವು ಅಲ್ಲೇ ಇವೆ.

ಮುಂದೆ ಡಿಸ್ಕ್‌ಗಳು ದೊಡ್ಡವಾದವು. ಒಂದೊಂದನ್ನೂ ಹಲವು ಪಾರ್ಟಿಷನ್‌ಗಳಾಗಿ ಒಡೆದು ಪ್ರತಿಯೊಂದರಲ್ಲೂ ಒಂದು ಕಡತ ವ್ಯವಸ್ಥೆ ಕೂರಿಸುವುದು ರೂಢಿಯಾಯಿತು. ತೊಂದರೆ ಶುರುವಾದದ್ದು ಇಲ್ಲೇ. ಯಾವ ಪಾರ್ಟಿಷನ್ ಎಷ್ಟು ಬೆಳೆದೀತು ಎಂಬುದನ್ನು ಮೊದಲ ದಿನವೇ ಊಹಿಸಬೇಕು. ಊಹೆ ತಪ್ಪಿದರೆ ಪಕ್ಕದಲ್ಲೇ ಖಾಲಿ ಜಾಗ ಬಿದ್ದಿದ್ದರೂ ಮುಟ್ಟುವಂತಿಲ್ಲ. ಎಲ್ಲರನ್ನೂ ಹೊರಗೆ ಕಳಿಸಿ, ದತ್ತಾಂಶವನ್ನು ಟೇಪಿಗೆ ಇಳಿಸಿ, ಡಿಸ್ಕನ್ನು ಹೊಸದಾಗಿ ಒಡೆದು, ಟೇಪಿನಿಂದ ಮತ್ತೆ ತುಂಬಬೇಕು. ಟೇಪ್ ಕೈಕೊಟ್ಟರೆ ಎಲ್ಲವೂ ಹೋದಂತೆಯೇ.

ಐಬಿಎಂ ಹಾಕಿದ ದಾರಿ

1990ರಲ್ಲಿ ಐಬಿಎಂ ತನ್ನ ಆರ್‌ಎಸ್/6000 ಯಂತ್ರಗಳನ್ನು ಮಾರುಕಟ್ಟೆಗೆ ತಂದಿತು. ಅವುಗಳಲ್ಲಿ ಓಡುತ್ತಿದ್ದದ್ದು ಐಬಿಎಂನದೇ ಯುನಿಕ್ಸ್ ಆದ ಎಐಎಕ್ಸ್‌ನ ಮೂರನೇ ಆವೃತ್ತಿ. ‘ಲಾಜಿಕಲ್ ವಾಲ್ಯೂಮ್ ಮ್ಯಾನೇಜರ್’ ಅದರ ಒಡಲಲ್ಲೇ ಇತ್ತು. ಪ್ರತಿ ಡಿಸ್ಕನ್ನೂ ಅದು ಸಮನಾದ ತುಂಡುಗಳಾಗಿ ಎಣಿಸುತ್ತಿತ್ತು. ಒಂದು ತುಂಡು ಸಾಮಾನ್ಯವಾಗಿ 4 ಎಂಬಿ. ಹಲವು ಡಿಸ್ಕ್‌ಗಳು ಸೇರಿದರೆ ಒಂದು ವಾಲ್ಯೂಮ್ ಗ್ರೂಪ್. ಅದರಿಂದ ಬೇಕಾದಷ್ಟು ತುಂಡು ಪಡೆದರೆ ಒಂದು ಲಾಜಿಕಲ್ ವಾಲ್ಯೂಮ್. ಹಲವು ಗದ್ದೆಗಳ ಭತ್ತವನ್ನು ಒಂದೇ ಕಣಜಕ್ಕೆ ಸುರಿದು, ಬೇಕಾದವರಿಗೆ ಕೊಳಗದಲ್ಲಿ ಅಳೆದು ಕೊಟ್ಟಂತೆ.

ಕಡತ ವ್ಯವಸ್ಥೆಗೆ ಕಾಣುವುದು ಅಖಂಡವಾದ ಒಂದೇ ಜಾಗ. ಯಾವ ತುಂಡು ಯಾವ ಡಿಸ್ಕಿನಲ್ಲಿದೆ ಎಂಬ ಲೆಕ್ಕವನ್ನು ನಡುವೆ ಕೂತ ಒಂದು ಪಟ್ಟಿ ನೋಡಿಕೊಳ್ಳುತ್ತದೆ. ಬೇಕೆಂದರೆ ಒಂದೇ ತುಂಡಿನ ಮೂರು ಪ್ರತಿಗಳನ್ನು ಬೇರೆ ಬೇರೆ ಡಿಸ್ಕ್‌ಗಳಲ್ಲಿ ಇಡಬಹುದಿತ್ತು. ಗುಂಪಿನ ವಿವರವನ್ನು ಅದರ ಪ್ರತಿ ಡಿಸ್ಕಿನಲ್ಲೂ ಬರೆದಿಟ್ಟದ್ದು ಐಬಿಎಂ ಎಂಜಿನಿಯರುಗಳ ದೂರದೃಷ್ಟಿ. ಯಂತ್ರ ಕೆಟ್ಟರೂ ಡಿಸ್ಕ್‌ಗಳನ್ನು ಬಿಚ್ಚಿ ಇನ್ನೊಂದು ಯಂತ್ರಕ್ಕೆ ಜೋಡಿಸಿದರೆ ಅವು ತಮ್ಮ ಗುರುತನ್ನು ತಾವೇ ಹೇಳುತ್ತಿದ್ದವು.

ಪೈಪೋಟಿಯ ನಡುವೆ ಹಂಚಿಕೆ

ಆ ಕಾಲದಲ್ಲಿ ಯುನಿಕ್ಸ್ ಕಂಪನಿಗಳ ನಡುವೆ ತೀವ್ರ ಪೈಪೋಟಿ. ಎಟಿ&ಟಿ ಮತ್ತು ಸನ್ ಕೈಜೋಡಿಸಿದ್ದಕ್ಕೆ ಎದುರಾಗಿ ಐಬಿಎಂ, ಎಚ್‌ಪಿ, ಡಿಇಸಿ ಮುಂತಾದವು 1988ರಲ್ಲಿ ಓಪನ್ ಸಾಫ್ಟ್‌ವೇರ್ ಫೌಂಡೇಶನ್ ಕಟ್ಟಿಕೊಂಡವು. ವಾಲ್ಯೂಮ್ ಮ್ಯಾನೇಜರಿನ ಯೋಚನೆ ಆ ವೇದಿಕೆಯ ಮೂಲಕ ಎಚ್‌ಪಿ ಕಂಪನಿಯ ಎಚ್‌ಪಿ-ಯುಎಕ್ಸ್‌ಗೆ ಬಂತು. ಪಿವಿಕ್ರಿಯೇಟ್, ವಿಜಿಕ್ರಿಯೇಟ್, ಎಲ್‌ವಿಕ್ರಿಯೇಟ್ ಎಂಬ ಮೂರು ಕಮಾಂಡ್‌ಗಳು ಅಲ್ಲಿನ ನಿರ್ವಾಹಕರ ಬೆರಳಿಗೆ ಅಂಟಿದವು.

1998ರಲ್ಲಿ ಹೈಂಜ್ ಮೌಲ್ಸ್‌ಹಾಗನ್ ಎಂಬ ಪ್ರೋಗ್ರಾಮರ್ ಎಚ್‌ಪಿ-ಯುಎಕ್ಸ್‌ನ ಮಾದರಿ ಹಿಡಿದು ಲಿನಕ್ಸ್‌ಗಾಗಿ ಇದನ್ನು ಹೊಸದಾಗಿ ಬರೆದರು. 2001ರ ಜನವರಿಯಲ್ಲಿ ಬಂದ ಲಿನಕ್ಸ್ ಕರ್ನೆಲ್ 2.4ರಲ್ಲಿ ಅದು ಸೇರಿತ್ತು. 2003ರ ಕೊನೆಗೆ ಬಂದ 2.6ರಲ್ಲಿ ‘ಡಿವೈಸ್ ಮ್ಯಾಪರ್’ ಎಂಬ ಗಟ್ಟಿ ತಳಪಾಯ ಸಿಕ್ಕಿತು. ಲಕ್ಷಗಟ್ಟಲೆ ಬೆಲೆಯ ಯಂತ್ರಗಳಲ್ಲಷ್ಟೇ ಇದ್ದ ಅನುಕೂಲ ಹೀಗೆ ಸಾಮಾನ್ಯ ಪಿಸಿಗೂ ಉಚಿತವಾಗಿ ದಕ್ಕಿತು. ಕಮಾಂಡ್‌ಗಳ ಹೆಸರೂ ಬದಲಾಗದ ಕಾರಣ ಎಚ್‌ಪಿ ಯಂತ್ರದಲ್ಲಿ ಪಳಗಿದವರು ಲಿನಕ್ಸ್ ಮುಂದೆ ಕೂತಾಗ ಮೊದಲಿನಿಂದ ಕಲಿಯಬೇಕಾಗಲಿಲ್ಲ.

2005ರಲ್ಲಿ ಸನ್ ಕಂಪನಿ ಬಿಡುಗಡೆ ಮಾಡಿದ ಝಡ್‌ಎಫ್‌ಎಸ್ ವಾಲ್ಯೂಮ್ ಮ್ಯಾನೇಜರನ್ನೂ ಕಡತ ವ್ಯವಸ್ಥೆಯನ್ನೂ ಒಂದೇ ಮಾಡಿತು. ಆದರೂ ಡಿಸ್ಕ್, ಗ್ರೂಪ್, ಲಾಜಿಕಲ್ ವಾಲ್ಯೂಮ್ ಎಂಬ ಹಳೆಯ ಮೂರು ಹಂತದ ಪದ್ಧತಿ ಇಂದಿಗೂ ಬಳಕೆಯಲ್ಲಿದೆ. ಡಿಸ್ಕ್ ಕೆಡುವ ಲಕ್ಷಣ ಕಂಡರೆ ‘ಪಿವಿಮೂವ್’ ಕಮಾಂಡ್ ಅದರಲ್ಲಿರುವ ತುಂಡುಗಳನ್ನು ಕೆಲಸ ನಡೆಯುತ್ತಿರುವಾಗಲೇ ಇನ್ನೊಂದು ಡಿಸ್ಕಿಗೆ ಸಾಗಿಸುತ್ತದೆ.

ಆದರೆ ಈ ಅನುಕೂಲವನ್ನೇ ಸುರಕ್ಷತೆ ಎಂದು ತಿಳಿಯಬಾರದು. ಪ್ರತಿ ಇಡದೆ ಒಂದು ವಾಲ್ಯೂಮನ್ನು ನಾಲ್ಕು ಡಿಸ್ಕ್‌ಗಳ ಮೇಲೆ ಹರಡಿದರೆ, ನಾಲ್ಕರಲ್ಲಿ ಯಾವುದೊಂದು ಕೆಟ್ಟರೂ ಇಡೀ ವಾಲ್ಯೂಮ್‌ಗೆ ಕುತ್ತು. ಲಾಜಿಕಲ್ ವಾಲ್ಯೂಮ್ ಹಿಗ್ಗಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದೂ ಇಲ್ಲ. ಅದರ ಮೇಲಿರುವ ಕಡತ ವ್ಯವಸ್ಥೆಯನ್ನೂ ಹಿಗ್ಗಿಸಬೇಕು. ಹಿಗ್ಗಿಸುವಷ್ಟು ಸುಲಭವಾಗಿ ಕುಗ್ಗಿಸಲಾಗದು. ಆದ್ದರಿಂದ ಸರ್ವರ್ ಹೂಡುವವರು ಸಿಕ್ಕ ಜಾಗವನ್ನೆಲ್ಲ ಮೊದಲ ದಿನವೇ ಹಂಚಿಬಿಡಬೇಡಿ. ಗ್ರೂಪಿನಲ್ಲಿ ಒಂದಿಷ್ಟನ್ನು ಖಾಲಿ ಉಳಿಸಿ, ಮುಖ್ಯವಾದದ್ದಕ್ಕೆ ಎರಡನೇ ಡಿಸ್ಕಿನಲ್ಲಿ ಪ್ರತಿ ಇಡಿ, ಬ್ಯಾಕಪ್ಪನ್ನು ಬೇರೆಯೇ ಯಂತ್ರದಲ್ಲಿ ಕಾಪಾಡಿ.