ಮೇಷ್ಟ್ರ ಸಂಬಳ ಮತ್ತು ಆನ್‌ಲೈನ್ ತೆರಿಗೆ

ಅಮೆರಿಕದ ಸೌತ್ ಡಕೋಟಾ ರಾಜ್ಯ ತನ್ನ ಜನರ ಆದಾಯದ ಮೇಲೆ ತೆರಿಗೆ ಹಾಕುವುದಿಲ್ಲ. ಅಂಗಡಿಯಲ್ಲಿ ಸಾಮಾನು ಕೊಂಡಾಗ ಬೀಳುವ ಮಾರಾಟ ತೆರಿಗೆಯೇ ಅದರ ಜೀವಾಳ. ರಾಜ್ಯದ ಸಾಮಾನ್ಯ ನಿಧಿಯಲ್ಲಿ ಅರ್ಧಕ್ಕೂ ಹೆಚ್ಚು ಬರುವುದು ಇದರಿಂದ ಮತ್ತು ಇದಕ್ಕೆ ಹೊಂದಿಕೊಂಡ ಬಳಕೆ ತೆರಿಗೆಯಿಂದ. ಜನ ಅಂಗಡಿ ಬಿಟ್ಟು ಆನ್‌ಲೈನ್‌ಗೆ ಹೊರಳಿದಂತೆ ಈ ಬೊಕ್ಕಸ ಸೋರತೊಡಗಿತು. ಆನ್‌ಲೈನ್ ಖರೀದಿಗೆ ಇಂದು ಅಮೆರಿಕದಲ್ಲಿ ತೆರಿಗೆ ಬೀಳುತ್ತಿರುವುದಕ್ಕೆ ಈ ಪುಟ್ಟ ರಾಜ್ಯದ ಹಟವೇ ಕಾರಣ.

ಸಮಸ್ಯೆ ಇಂಟರ್‌ನೆಟ್‌ಗಿಂತ ಹಳೆಯದು. ಮಿಸೌರಿಯ ನ್ಯಾಷನಲ್ ಬೆಲ್ಲಾಸ್ ಹೆಸ್ ಎಂಬ ಕಂಪನಿ ಇಲಿನಾಯ್ ರಾಜ್ಯದ ಮನೆಗಳಿಗೆ ಕ್ಯಾಟಲಾಗ್ ಕಳಿಸಿ, ಅಂಚೆಯಲ್ಲಿ ಸರಕು ಮಾರುತ್ತಿತ್ತು. ತನ್ನ ನೆಲದಲ್ಲಿ ಅಂಗಡಿಯನ್ನೂ ಏಜೆಂಟರನ್ನೂ ಇಟ್ಟಿರದ ಕಂಪನಿಯಿಂದ ರಾಜ್ಯ ತೆರಿಗೆ ಸಂಗ್ರಹಿಸಿಕೊಡಿ ಎಂದು ಕೇಳುವಂತಿಲ್ಲ ಎಂದು 1967ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 1992ರಲ್ಲಿ ಕ್ವಿಲ್ ಎಂಬ ಕಚೇರಿ ಸಾಮಗ್ರಿ ಕಂಪನಿಯ ವಿರುದ್ಧ ನಾರ್ತ್ ಡಕೋಟಾ ಹೂಡಿದ ಮೊಕದ್ದಮೆಯಲ್ಲೂ ಆ ನಿಯಮವೇ ಉಳಿಯಿತು. ನಿಯಮ ಬದಲಾಗಬೇಕಿದ್ದರೆ ಸಂಸತ್ತೇ ಬದಲಿಸಲಿ ಎಂದಿತು ಕೋರ್ಟ್.

ತೆರಿಗೆಯೇನೂ ಮನ್ನಾ ಆಗಿರಲಿಲ್ಲ. ಕಂಪನಿ ವಸೂಲು ಮಾಡದಿದ್ದರೆ ಕೊಂಡವರೇ ಲೆಕ್ಕ ಬರೆದು ಬಳಕೆ ತೆರಿಗೆ ಎಂದು ಕಟ್ಟಬೇಕಿತ್ತು. ಕಟ್ಟಿದವರು ತೀರಾ ವಿರಳ. ಹೀಗಾಗಿ ಊರಿನ ಅಂಗಡಿಯವನು ತೆರಿಗೆ ಸೇರಿಸಿ ಮಾರಬೇಕು, ದೂರದ ಕಂಪನಿ ಅಷ್ಟು ಅಗ್ಗಕ್ಕೆ ಮಾರಬಹುದು ಎಂಬಂತಾಯಿತು. ಜೆಫ್ ಬೆಜೋಸ್ ಅಮೆಜಾನ್ ಶುರುಮಾಡಲು ವಾಷಿಂಗ್ಟನ್ ರಾಜ್ಯವನ್ನು ಆರಿಸಿಕೊಂಡದ್ದಕ್ಕೆ ಅಲ್ಲಿನ ಜನಸಂಖ್ಯೆ ಕಡಿಮೆ ಎಂಬುದೂ ಒಂದು ಕಾರಣ; ತೆರಿಗೆ ತೆರಬೇಕಾದ ಗಿರಾಕಿಗಳೂ ಅಷ್ಟೇ ಕಡಿಮೆ. ಇದನ್ನು ಅವರೇ ಹೇಳಿಕೊಂಡಿದ್ದಾರೆ. ನಮ್ಮಲ್ಲಿ 2017ರ ಜುಲೈನಲ್ಲಿ ಬಂದ ಜಿಎಸ್‌ಟಿಯಲ್ಲಿ ತೆರಿಗೆಯ ರಾಜ್ಯದ ಪಾಲು ಸರಕು ಬಳಕೆಯಾಗುವ ರಾಜ್ಯಕ್ಕೇ ಸೇರುತ್ತದೆ. ಅಮೆರಿಕದಲ್ಲಿ ಇಡೀ ದೇಶಕ್ಕೆ ಅಂಥ ಏರ್ಪಾಟಿಲ್ಲ. ದೂರದ ಕಂಪನಿಗಳಿಂದಲೂ ತೆರಿಗೆ ಸಂಗ್ರಹಿಸಲು ರಾಜ್ಯಗಳಿಗೆ ಅಧಿಕಾರ ಕೊಡುವ ಮಸೂದೆಯೊಂದು 2013ರಲ್ಲಿ ಸೆನೆಟ್‌ನಲ್ಲಿ ಗೆದ್ದರೂ ಕೆಳಮನೆಯಲ್ಲಿ ಕೊಳೆಯಿತು.

ಆ ಹೊತ್ತಿಗೆ ಸೌತ್ ಡಕೋಟಾದ ಶಿಕ್ಷಕರ ಸಂಬಳ ದೇಶದಲ್ಲೇ ಕನಿಷ್ಠ ಮಟ್ಟದಲ್ಲಿತ್ತು. 2016ರಲ್ಲಿ ಗವರ್ನರ್ ಡೆನಿಸ್ ಡೌಗಾರ್ಡ್ ಮಾರಾಟ ತೆರಿಗೆಯನ್ನು ಶೇ 4ರಿಂದ 4.5ಕ್ಕೆ ಏರಿಸಿ, ಆ ಹಣದ ಬಹುಪಾಲನ್ನು ಶಿಕ್ಷಕರಿಗೆ ಕೊಡಲು ಹೊರಟರು. ತೆರಿಗೆ ಏರಿಸಲು ಶಾಸನಸಭೆಯಲ್ಲಿ ಮೂರನೇ ಎರಡು ಬಹುಮತ ಬೇಕು. ಪ್ರಯಾಸಪಟ್ಟು ಅದು ಸಿಕ್ಕಿತು. ಆನ್‌ಲೈನ್ ಮಾರಾಟದಿಂದ ಮುಂದೆ ಹಣ ಬಂದರೆ ದರ ಇಳಿಸುತ್ತೇವೆ ಎಂಬ ಮಾತೂ ಅದೇ ಕಾಯ್ದೆಯಲ್ಲಿ ಸೇರಿತು.

ಅದೇ ಅಧಿವೇಶನದಲ್ಲಿ ಇನ್ನೊಂದು ಕಾಯ್ದೆಯೂ ಬಂತು. ವರ್ಷಕ್ಕೆ ರಾಜ್ಯದೊಳಗೆ 1 ಲಕ್ಷ ಡಾಲರ್‌ಗಿಂತ ಹೆಚ್ಚು ವಹಿವಾಟು ನಡೆಸುವ, ಇಲ್ಲವೇ 200 ಮಾರಾಟ ಮಾಡುವ ಕಂಪನಿ ಎಲ್ಲೇ ಇರಲಿ, ತೆರಿಗೆ ಸಂಗ್ರಹಿಸಬೇಕು ಎಂದು ಅದು ಆಗ ವಿಧಿಸಿತು. ಸುಪ್ರೀಂ ಕೋರ್ಟಿನ ನಿಯಮಕ್ಕೆ ಇದು ನೇರ ವಿರುದ್ಧ, ಬರೆದವರಿಗೂ ಅದು ಗೊತ್ತಿತ್ತು. ಹಳೇ ತೀರ್ಪನ್ನು ಮರುಪರಿಶೀಲನೆಗೆ ತರುವುದೇ ಅವರ ಗುರಿ. ಅದಕ್ಕೇ ದಾವೆ ಇತ್ಯರ್ಥವಾಗುವ ತನಕ ವಸೂಲಿ ಇಲ್ಲ, ಹಿಂದಿನ ಬಾಕಿಯನ್ನೂ ಕೇಳುವುದಿಲ್ಲ ಎಂದು ಕಾಯ್ದೆಯಲ್ಲೇ ಬರೆದರು. ಹೀಗೆ ಲೆಕ್ಕ ಹಾಕಿ ಹೆಣೆದ ಕಾಯ್ದೆಗಳು ಅಪರೂಪ. ವೇಫೇರ್, ಓವರ್‌ಸ್ಟಾಕ್, ನ್ಯೂಎಗ್ ಕಂಪನಿಗಳ ಮೇಲೆ ರಾಜ್ಯವೇ ದಾವೆ ಹೂಡಿತು. ಕೆಳಗಿನ ಕೋರ್ಟುಗಳಲ್ಲಿ ಸೋತಿತು. ಸೋತರೆ ತಾನೇ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಲು ಸಾಧ್ಯ?

2018ರ ಜೂನ್ 21ರಂದು ಸುಪ್ರೀಂ ಕೋರ್ಟ್ 5–4 ಮತಗಳಿಂದ ರಾಜ್ಯದ ಪರ ನಿಂತು ಹಳೆಯ ನಿಯಮವನ್ನು ಕಿತ್ತುಹಾಕಿತು. ತೀರ್ಪು ಬರೆದ ಆಂಥನಿ ಕೆನಡಿ 1992ರಲ್ಲಿ ಆ ನಿಯಮ ಉಳಿಸಿದವರಲ್ಲಿ ಒಬ್ಬರು. ಕ್ಲಾರೆನ್ಸ್ ಥಾಮಸ್ ಕೂಡ ಅಂದು ಅವರ ಜೊತೆಗಿದ್ದವರೇ. ಅಂದು ಭಿನ್ನಮತ ಬರೆದಿದ್ದ ಬೈರನ್ ವೈಟ್ ಅವರ ಜೊತೆ ತಾನು ಸೇರಬೇಕಿತ್ತು ಎಂದು ಈಗ ಥಾಮಸ್ ಪ್ರತ್ಯೇಕವಾಗಿ ಬರೆದರು. 26 ವರ್ಷಗಳ ಬಳಿಕ ನ್ಯಾಯಮೂರ್ತಿಯೊಬ್ಬರು ಹೀಗೆ ಬರೆಯುವುದು ದೊಡ್ಡ ಮಾತು. ಭಿನ್ನಮತ ಬರೆದ ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಹಳೆಯ ನಿಯಮ ಸರಿ ಎನ್ನಲಿಲ್ಲ. ತಿದ್ದಬೇಕಾದದ್ದು ಸಂಸತ್ತು ಎಂದರು. ಸಾವಿರಾರು ಊರುಗಳ ಬೇರೆ ಬೇರೆ ದರಗಳು ಸಣ್ಣ ವ್ಯಾಪಾರಿಗೆ ಹೊರೆಯಾಗುತ್ತವೆ ಎಂಬ ಅವರ ಎಚ್ಚರಿಕೆಯನ್ನು ತಳ್ಳಿಹಾಕುವಂತಿಲ್ಲ. ಮಾರಾಟ ತೆರಿಗೆಯಿರುವ ಉಳಿದ ರಾಜ್ಯಗಳೂ ಬಳಿಕ ಒಂದೊಂದಾಗಿ ಇಂಥದೇ ಕಾಯ್ದೆ ತಂದವು.

ಇಳಿಸುತ್ತೇವೆಂದಿದ್ದ ದರ? 2023ರ ಜುಲೈನಲ್ಲಿ, ಅದೂ ಬೇರೊಂದು ಕಾಯ್ದೆಯಿಂದ, ಶೇ 4.2ಕ್ಕೆ ಬಂತು. ಆದರೆ ಅಲ್ಲಿ ಹಾಲು, ಬ್ರೆಡ್, ತರಕಾರಿಗೂ ಈ ತೆರಿಗೆಯಿದೆ. ಅದನ್ನು ತೆಗೆಯುವ ಪ್ರಸ್ತಾವವನ್ನು 2024ರ ನವೆಂಬರ್‌ನಲ್ಲಿ ಮತದಾರರು ತಿರಸ್ಕರಿಸಿದರು. ಬೊಕ್ಕಸಕ್ಕೆ ದೊಡ್ಡ ತೂತು ಬೀಳುತ್ತದೆ ಎಂಬುದು ವಿರೋಧಿಗಳ ಮುಖ್ಯ ವಾದವಾಗಿತ್ತು. ಬಡವನ ದುಡಿಮೆಯಲ್ಲಿ ಹೆಚ್ಚಿನ ಪಾಲು ಹೋಗುವುದು ಊಟಕ್ಕೆ. ಆನ್‌ಲೈನ್‌ನಿಂದ ಬಂದ ಹಣದಲ್ಲಿ ಮೊದಲು ಇಳಿಸಬೇಕಾಗಿದ್ದದ್ದು ಆ ತೆರಿಗೆಯನ್ನೇ.