ಅಂಗಳದ ನಿತ್ಯಪುಷ್ಪ, ಸೀಸೆಯೊಳಗಿನ ಮದ್ದು

ಬಚ್ಚಲ ನೀರು ಹರಿಯುವ ಕಡೆ ಯಾರೂ ನೆಡದಿದ್ದರೂ ತಾನಾಗಿ ಹುಟ್ಟಿ, ವರ್ಷವಿಡೀ ಹೂ ಬಿಡುವ ಗಿಡ ನಿತ್ಯಪುಷ್ಪ. ಕಾಶಿಕಣಗಿಲೆ ಅಂತಲೂ ಕರೆಯುತ್ತೇವೆ. ಪೂಜೆಗೆ ನಾಲ್ಕು ಹೂ ಕೀಳುವುದು ಬಿಟ್ಟರೆ ಅದರತ್ತ ನಮ್ಮ ಗಮನವೇ ಇಲ್ಲ. ಆದರೆ ರಕ್ತದ ಕ್ಯಾನ್ಸರ್ ತಗುಲಿದ ಎಳೆಯ ಮಕ್ಕಳನ್ನು ಉಳಿಸುವ ಔಷಧಿಗಳಲ್ಲೊಂದು ಇದರ ಎಲೆಯಿಂದಲೇ ಬಂದದ್ದು!

ಇದರ ತವರು ಮಡಗಾಸ್ಕರ್ ದ್ವೀಪ. ಜಮೈಕಾದ ಜನ ಸಕ್ಕರೆ ಕಾಯಿಲೆಗೆಂದು ಇದರ ಕಷಾಯ ಕುಡಿಯುತ್ತಿದ್ದರು. 1950ರ ದಶಕದಲ್ಲಿ ಕೆನಡಾದ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬೀರ್ ಅದನ್ನು ಪ್ರಾಣಿಗಳ ಮೇಲೆ ಪರೀಕ್ಷಿಸಿದರು. ಸಕ್ಕರೆಯೇನೂ ಇಳಿಯಲಿಲ್ಲ, ಬಿಳಿ ರಕ್ತಕಣಗಳು ಇಳಿದವು! ಬಿಳಿ ಕಣಗಳು ಮಿತಿಮೀರುವ ಕಾಯಿಲೆಗೆ ಇದೇ ಮದ್ದಾದೀತೆಂದು ಹೊಳೆದದ್ದು ಆಗಲೇ. ಅವರಿಗೆ ವಿನ್‌ಬ್ಲಾಸ್ಟಿನ್ ದೊರೆಯಿತು. ಅದರ ಸೋದರಿ ವಿನ್‌ಕ್ರಿಸ್ಟಿನ್‌ಗೆ 1963ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಇವೆರಡೂ ಆಲ್ಕಲಾಯ್ಡ್‌ಗಳು, ಅಂದರೆ ಗಿಡದೊಳಗಿನ ಕಹಿ ಸತ್ವಗಳು.

ತೊಡಕು ಏನೆಂದರೆ, ಒಂದು ಗ್ರಾಂ ವಿನ್‌ಬ್ಲಾಸ್ಟಿನ್‌ಗೆ ಸುಮಾರು 500 ಕಿಲೋ ಒಣ ಎಲೆ ಬೇಕು. ಹಾಗಾಗಿ ವಿಜ್ಞಾನಿಗಳು ಅಂಗಾಂಶ ಕೃಷಿಯ ಕಡೆ ತಿರುಗಿದರು. ಎಲೆಯ ಚೂರನ್ನು ಶುದ್ಧಮಾಡಿ, ಸಕ್ಕರೆ, ಲವಣ, ಹಾರ್ಮೋನ್ ಬೆರೆಸಿದ ಲೋಳೆಯ ಮೇಲೆ ಇಡುತ್ತಾರೆ. ಲೋಳೆ ಗಟ್ಟಿಯಾಗಲು ಹಾಕುವುದು ಅಗರ್. ನಾವು ಪುಡಿಂಗ್‌ಗೆ ಹಾಕುವ ಚೈನಾ ಗ್ರಾಸ್ ಅದೇ! ಮಡಿ ಮಾತ್ರ ನಮಗಿಂತ ಹೆಚ್ಚು. ಒದ್ದೆ ಸೌಟು ತಾಗಿದ ಉಪ್ಪಿನಕಾಯಿಯಂತೆ, ಸ್ವಲ್ಪ ಸೋಂಕಿದರೂ ಬೂಷ್ಟು ಹಿಡಿಯುತ್ತದೆ. ಕೆಲವು ವಾರಗಳಲ್ಲಿ ಬೇರು, ಎಲೆ ಏನೂ ಇಲ್ಲದ ಮುದ್ದೆ ಬೆಳೆಯುತ್ತದೆ. ಅದನ್ನು ದ್ರವದಲ್ಲಿ ಕದಡಿ ದೊಡ್ಡ ಪಾತ್ರೆಗಳಲ್ಲಿ ಹೆಚ್ಚಿಸಬಹುದು.

ಇಷ್ಟೆಲ್ಲಾ ಮಾಡಿದರೂ ಗಿಡ ಪೂರ್ತಿ ಸೋಲಲಿಲ್ಲ ನೋಡಿ. ವಿನ್‌ಬ್ಲಾಸ್ಟಿನ್ ಆಗಲು ಕ್ಯಾಥರಾಂಥಿನ್, ವಿಂಡೋಲಿನ್ ಎಂಬ ಎರಡು ಸತ್ವ ಕೂಡಬೇಕು. ಮೊದಲನೆಯದನ್ನು ಮುದ್ದೆಯ ಕೋಶಗಳು ತಯಾರಿಸುತ್ತವೆ, ಎರಡನೆಯದು ಅವುಗಳಿಗೆ ಒಲಿಯುವುದಿಲ್ಲ. ಎಲೆಯಲ್ಲಿ ಬೇರೆ ಬೇರೆ ಕೋಶಗಳು ಕೆಲಸ ಹಂಚಿಕೊಂಡಿರುತ್ತವೆ, ಒಬ್ಬರು ರುಬ್ಬಿ ಇನ್ನೊಬ್ಬರು ಬೇಯಿಸಿದ ಹಾಗೆ. ಮುದ್ದೆಯಲ್ಲಿ ಆ ಏರ್ಪಾಡಿಲ್ಲ. ಆದ್ದರಿಂದ ಹೊಲದ ಎಲೆಯೇ ಇಂದಿಗೂ ಬೇಕು. 2022ರಲ್ಲಿ ವಿಜ್ಞಾನಿಗಳು ಯೀಸ್ಟ್‌ಗೆ ಈ ಗಿಡದ ಜೀನ್‌ಗಳನ್ನು ಸೇರಿಸಿ ಎರಡೂ ಸತ್ವ ಪಡೆದಿದ್ದಾರೆ. ಇನ್ನೊಂದು ಕ್ಯಾನ್ಸರ್ ಮದ್ದು ಪ್ಯಾಕ್ಲಿಟ್ಯಾಕ್ಸೆಲ್ ಮಾತ್ರ ಯೂ ಮರದ ಕೋಶಗಳಿಂದ ಪಾತ್ರೆಗಳಲ್ಲೇ ತಯಾರಾಗುತ್ತಿದೆ.

ಸೋದರಿಯರೇ, ಇದನ್ನೋದಿ ಎಲೆ ಕಿತ್ತು ಕಷಾಯಕ್ಕಿಡಬೇಡಿ. ಸಕ್ಕರೆ ಕಾಯಿಲೆಗೆಂದು ಹೂ ಅಗಿಯುವವರೂ ಉಂಟು. ಇದು ವಿಷದ ಗಿಡ, ಗರ್ಭಿಣಿಯರಿಗಂತೂ ಅಪಾಯ. ವಿನ್‌ಕ್ರಿಸ್ಟಿನ್ ಅನ್ನು ವೈದ್ಯರು ಅಳೆದು ರಕ್ತನಾಳಕ್ಕೇ ಕೊಡುವಂಥದ್ದು. ಮಗುವಿಗೆ ಬಿಡದ ಜ್ವರ, ಬಿಳಿಚಿದ ಮುಖ, ಪೆಟ್ಟಾಗದೆ ಮೈಮೇಲೆ ನೀಲಿ ಕಲೆಗಳು ಕಂಡರೆ ಮನೆಮದ್ದಿನಲ್ಲಿ ದಿನ ಕಳೆಯದೆ ಆಸ್ಪತ್ರೆಗೆ ಕರೆದೊಯ್ಯಿರಿ.