ನಿಮಗಿದು ಗೊತ್ತೇ? ಅಡುಗೆಮನೆಯ ವೈರಿಂಗ್ ಬದಲಿಸುವ ಮುನ್ನ

ಹಾಲ್‌ನಲ್ಲಿ ಟಿ.ವಿ., ಫ್ಯಾನು, ನಾಲ್ಕು ಎಲ್‌ಇಡಿ ದೀಪ ಒಟ್ಟಿಗೆ ಹಾಕಿದರೂ 300 ವ್ಯಾಟ್ ದಾಟುವುದು ಕಷ್ಟ. ಅಡುಗೆಮನೆಯ ಇಂಡಕ್ಷನ್ ಒಲೆಯೊಂದಕ್ಕೇ 2000 ವ್ಯಾಟ್ ಬೇಕು. ಕೆಟಲ್‌ಗೆ 1500, ಮಿಕ್ಸಿಗೆ 750. ಹಳೆಯ ಮನೆಗಳಲ್ಲಿ ಮಿಕ್ಸಿಗೊಂದು, ಫ್ರಿಜ್‌ಗೊಂದು ಪ್ಲಗ್ ಪಾಯಿಂಟ್ ಕೊಟ್ಟು ಕೈತೊಳೆದುಕೊಂಡಿರುತ್ತಾರೆ. ಅಡುಗೆಮನೆಯನ್ನು ಹೊಸದು ಮಾಡಲು ಹೊರಟವರು ಟೈಲ್ಸ್ ಆರಿಸುವ ಮೊದಲು ಈ ಲೆಕ್ಕ ಹಾಕಬೇಕು.

ಲೆಕ್ಕ ಸುಲಭ. ಉಪಕರಣದ ವ್ಯಾಟ್ ಅನ್ನು 230ರಿಂದ ಭಾಗಿಸಿದರೆ ಅದು ಎಳೆಯುವ ಆಂಪಿಯರ್ ಸಿಗುತ್ತದೆ. 2000 ವ್ಯಾಟ್‌ನ ಇಂಡಕ್ಷನ್ ಒಲೆಗೆ ಸುಮಾರು 8.7 ಆಂಪಿಯರ್. 6 ಆಂಪಿಯರ್‌ನ ಸಣ್ಣ ಸಾಕೆಟ್ ಇದನ್ನು ತಾಳಲಾರದು, 16 ಆಂಪಿಯರ್‌ನದ್ದೇ ಬೇಕು. ದೊಡ್ಡ ಪ್ಲಗ್ಗನ್ನು ಕನ್ವರ್ಟರ್ ಹಾಕಿ ಸಣ್ಣ ಸಾಕೆಟ್ಟಿಗೆ ಸಿಕ್ಕಿಸುವುದು ಎಷ್ಟೋ ಮನೆಗಳ ರೂಢಿ. ಅಂಥ ಸಾಕೆಟ್ಟನ್ನು ಹತ್ತಿರದಿಂದ ನೋಡಿ: ಬಲಗಡೆಯ ರಂಧ್ರದ ಸುತ್ತ ಬಿಳಿ ಪ್ಲಾಸ್ಟಿಕ್ ಮೊದಲು ಹಳದಿಯಾಗುತ್ತದೆ, ಆಮೇಲೆ ಕಂದು ಉಂಗುರ ಮೂಡುತ್ತದೆ, ಪ್ಲಗ್ ಕಿತ್ತಾಗ ಪಿನ್ನು ಬೆರಳಿಗೆ ಬಿಸಿ ತಾಗುತ್ತದೆ. ಒಳಗಿನ ಹಿತ್ತಾಳೆಯ ಹಿಡಿತ ಸಡಿಲವಾಗಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಆ ಸಾಕೆಟ್ಟನ್ನು ಅಂದೇ ಬದಲಿಸಬೇಕು.

ನಮ್ಮ ಮೂರು ದುಂಡು ಪಿನ್ನಿನ ಪ್ಲಗ್ ಬ್ರಿಟಿಷರ ಕಾಲದ್ದು. ಯುದ್ಧಾನಂತರ 1947ರಲ್ಲಿ ಬ್ರಿಟನ್ ಚಪ್ಪಟೆ ಪಿನ್ನಿನ ಹೊಸ ಪ್ಲಗ್ಗಿಗೆ ಬದಲಾಯಿತು, ಭಾರತ ಹಳೆಯದನ್ನೇ ಉಳಿಸಿಕೊಂಡಿತು. ಮೇಲಿನ ಪಿನ್ನು ಉಳಿದೆರಡಕ್ಕಿಂತ ಉದ್ದ, ದಪ್ಪ ಇರುವುದು ಅಂದಕ್ಕಲ್ಲ. ಪ್ಲಗ್ ಸಿಕ್ಕಿಸುವಾಗ ಅರ್ತ್ ಎಲ್ಲಕ್ಕಿಂತ ಮೊದಲು ತಾಗಬೇಕು, ತೆಗೆಯುವಾಗ ಕೊನೆಗೆ ಬಿಡಬೇಕು. ಆ ಪಿನ್ನನ್ನು ಕತ್ತರಿಸಿ ಎರಡು ಪಿನ್ನಿನ ಜಾಗಕ್ಕೆ ಸೇರಿಸಿದರೆ, ಗ್ರೈಂಡರಿನ ಲೋಹದ ಮೈಗೆ ಕರೆಂಟ್ ಸೋರಿದಾಗ ಅದು ನೆಲಕ್ಕಿಳಿಯಲು ನಿಮ್ಮ ದೇಹವೊಂದೇ ದಾರಿ.

ಅಂಗಡಿಯಲ್ಲಿ ‘ಎರಡೂವರೆ ವೈರ್’ ಕೊಡಿ ಎಂದರೆ 2.5 ಚದರ ಮಿಲಿಮೀಟರ್ ಅಡ್ಡಕೊಯ್ತದ ತಾಮ್ರದ ತಂತಿ ಸಿಗುತ್ತದೆ. ದೀಪ, ಫ್ಯಾನಿಗೆ ಒಂದೂವರೆ, 16 ಆಂಪಿಯರ್ ಪಾಯಿಂಟಿಗೆ ಎರಡೂವರೆ, ಗೀಸರ್‌ನಂಥ ಭಾರದ ಉಪಕರಣಕ್ಕೆ ನಾಲ್ಕು ಎಂಬುದು ವಾಡಿಕೆಯ ಲೆಕ್ಕ. ಕರೆಂಟ್ ಎರಡು ಪಟ್ಟಾದರೆ ತಂತಿಯಲ್ಲಿ ಹುಟ್ಟುವ ಶಾಖ ನಾಲ್ಕು ಪಟ್ಟಾಗುತ್ತದೆ. ಸಾಮಾನ್ಯ ಪಿವಿಸಿ ಹೊದಿಕೆಯ ತಾಳಿಕೆ 70 ಡಿಗ್ರಿ ಸೆಲ್ಸಿಯಸ್‌ವರೆಗೆ ಮಾತ್ರ.

ಎಂಸಿಬಿ, ಅಂದರೆ ಕರೆಂಟ್ ಮಿತಿ ಮೀರಿದಾಗ ತಾನಾಗಿ ಬೀಳುವ ಸ್ವಿಚ್, ಇರುವುದು ತಂತಿಯನ್ನು ಕಾಯಲು, ಮನುಷ್ಯರನ್ನು ಕಾಯಲು ಅಲ್ಲ. ಇದನ್ನು ಒತ್ತಿ ಹೇಳಲೇಬೇಕು. ಇಂಡಕ್ಷನ್, ಕೆಟಲ್, ಮಿಕ್ಸಿ ಮೂರನ್ನೂ ಒಟ್ಟಿಗೆ ಹಾಕಿದಾಗ ಎಂಸಿಬಿ ಬೀಳುತ್ತದೆ ಎನ್ನೋಣ. ‘ದೊಡ್ಡದು ಹಾಕಿಬಿಡಿ’ ಎಂದು 16ರ ಜಾಗಕ್ಕೆ 32 ಆಂಪಿಯರ್‌ನದ್ದನ್ನು ಕೂರಿಸುವವರಿದ್ದಾರೆ. ಆಮೇಲೆ ಅದು ಬೀಳುವುದಿಲ್ಲ ನಿಜ. ಆದರೆ ಗೋಡೆಯೊಳಗಿನ ತಂತಿ ಹಳೆಯದೇ. ಸುಟ್ಟರೆ ಅದೇ ಸುಡಬೇಕು. ಹಳೆಯ ಕಿಟ್‌ಕ್ಯಾಟ್ ಫ್ಯೂಸಿಗೆ ದಪ್ಪ ತಾಮ್ರದ ಎಳೆ ಸುತ್ತುತ್ತಿದ್ದುದೂ ಇದೇ ಅಪಾಯ. ಎಂಸಿಬಿ ಪದೇಪದೇ ಬಿದ್ದರೆ ಆ ಪಾಯಿಂಟಿಗೆ ಎಂಸಿಬಿಗಳಿರುವ ಪೆಟ್ಟಿಗೆಯಿಂದಲೇ (ಡಿಬಿ) ಪ್ರತ್ಯೇಕ ಲೈನ್ ಎಳೆಸುವುದೊಂದೇ ಸರಿಯಾದ ಉಪಾಯ.

ತಂತಿಯ ಬಣ್ಣ ನೋಡಿ: ಕೆಂಪು, ಹಳದಿ, ನೀಲಿ ಫೇಸ್. ಕಪ್ಪು ನ್ಯೂಟ್ರಲ್. ಹಸಿರು ಅರ್ತ್. ಸ್ವಿಚ್ ಕೂರಬೇಕಾದ್ದು ಫೇಸ್ ತಂತಿಯ ಮೇಲೆ. ನ್ಯೂಟ್ರಲ್ ಮೇಲೆ ಕೂರಿಸಿದರೂ ದೀಪ ಆರುತ್ತದೆ, ಆದರೆ ಹೋಲ್ಡರಿನಲ್ಲಿ ಕರೆಂಟ್ ಉಳಿದೇ ಇರುತ್ತದೆ.

ಟೆಸ್ಟರ್ ಉರಿಯಲಿಲ್ಲ ಎಂದ ಮಾತ್ರಕ್ಕೆ ಲೈನಿನಲ್ಲಿ ಕರೆಂಟ್ ಇಲ್ಲ ಎಂದು ನಂಬಬೇಡಿ. ಟೆಸ್ಟರಿನ ಒಳಗಿನ ಬಲ್ಬೇ ಕೆಟ್ಟಿರಬಹುದು. ಮೊದಲು ಕರೆಂಟ್ ಇರುವ ಸಾಕೆಟ್ಟಿನಲ್ಲಿ ಟೆಸ್ಟರನ್ನೇ ಪರೀಕ್ಷಿಸಿ.

ಹಾಗಾದರೆ ಇದನ್ನೆಲ್ಲ ನಾವೇ ಮಾಡಬಹುದೇ? ಕಾನೂನು ಗೆರೆ ಎಳೆದಿದೆ. 1956ರ ಭಾರತೀಯ ವಿದ್ಯುತ್ ನಿಯಮಗಳಲ್ಲಿ 45ನೆಯದು ಹೇಳಿದ್ದನ್ನೇ ನಂತರ ಕೇಂದ್ರ ವಿದ್ಯುತ್ ಪ್ರಾಧಿಕಾರದ ನಿಯಮಾವಳಿಯೂ ಮುಂದುವರಿಸಿದೆ: ಬಲ್ಬ್, ಫ್ಯಾನು, ಫ್ಯೂಸು, ಸ್ವಿಚ್ಚುಗಳನ್ನು ಅದೇ ಸಾಮರ್ಥ್ಯದವಕ್ಕೆ ಬದಲಿಸಿಕೊಳ್ಳಬಹುದು. ಹೊಸ ಲೈನ್ ಎಳೆಯುವುದು, ಇದ್ದದ್ದನ್ನು ಮಾರ್ಪಡಿಸುವುದು ಪರವಾನಗಿ ಪಡೆದ ಗುತ್ತಿಗೆದಾರರ ಕೆಲಸ. ಕರ್ನಾಟಕದಲ್ಲಿ ಆ ಪರವಾನಗಿ ಕೊಡುವುದು ವಿದ್ಯುತ್ ಪರಿವೀಕ್ಷಣಾಲಯ. ಕೆಲಸಕ್ಕೆ ಬಂದವರ ಬಳಿ ಪರ್ಮಿಟ್ ತೋರಿಸಿ ಎಂದು ಕೇಳಲು ಸಂಕೋಚ ಬೇಡ. ನ್ಯೂಜಿಲೆಂಡ್‌ನಲ್ಲಿ ಮನೆಯೊಡೆಯ ತನ್ನ ಮನೆಯ ವೈರಿಂಗ್ ತಾನೇ ಮಾಡಿಕೊಳ್ಳಬಹುದು, ಆದರೆ ಕರೆಂಟ್ ಹರಿಸುವ ಮೊದಲು ಪರವಾನಗಿಯುಳ್ಳ ಇನ್‌ಸ್ಪೆಕ್ಟರ್ ಬಂದು ಪರೀಕ್ಷಿಸಬೇಕು.

ಸ್ವಂತ ಕೈಯಿಂದ ಮಾಡುವುದಕ್ಕೆ ಉಳಿದದ್ದು ಕಡಿಮೆಯೇನಲ್ಲ. ಎಲ್ಲಿ ಯಾವ ಉಪಕರಣ ಎಂದು ಗೋಡೆಯ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿ. ಹಳೆಯ ಟೈಲ್ಸ್ ತೆಗೆಯಿರಿ, ಬಣ್ಣ ಬಳಿಯಿರಿ. ಪ್ಲಾಸ್ಟರ್ ಮುಚ್ಚುವ ಮೊದಲು ವೈರಿನ ಪೈಪು ಹೋದ ದಾರಿಯ ಪಕ್ಕ ಟೇಪ್ ಹಿಡಿದು ಫೋಟೊ ತೆಗೆದಿಡಿ. ಮುಂದೆ ಶೆಲ್ಫಿಗೆ ಡ್ರಿಲ್ ಹಿಡಿಯುವ ದಿನ ಆ ಫೋಟೊಗೆ ಬೆಲೆ ಕಟ್ಟಲಾಗದು. ಫೋಟೊ ಇಲ್ಲದವರು ಸ್ವಿಚ್‌ಬೋರ್ಡಿನ ನೇರ ಮೇಲೆ, ಕೆಳಗೆ, ಅಕ್ಕಪಕ್ಕ ಡ್ರಿಲ್ ಮಾಡಲೇಬಾರದು.

ಅಮೆರಿಕದ ವಿದ್ಯುತ್ ಸಂಹಿತೆಯಲ್ಲಿ ನನಗೆ ಬಹಳ ಮೆಚ್ಚುಗೆಯಾದ ನಿಯಮವೊಂದಿದೆ. ಗೋಡೆಗೆ ತಾಗಿದ ಅಡುಗೆ ಕಟ್ಟೆಯ ಯಾವ ಬಿಂದುವಿನಿಂದ ಅಳೆದರೂ 2 ಅಡಿಯೊಳಗೆ ಒಂದು ಪ್ಲಗ್ ಪಾಯಿಂಟ್ ಸಿಗಬೇಕು. ಕಟ್ಟೆಗೆ 20 ಆಂಪಿಯರ್‌ನ ಕನಿಷ್ಠ ಎರಡು ಪ್ರತ್ಯೇಕ ಲೈನ್ ಇರಬೇಕು. ಎಕ್ಸ್‌ಟೆನ್ಷನ್ ಬೋರ್ಡು ನೀರಿನ ಪಕ್ಕ ಬಂದು ಕೂರುವ ಪ್ರಸಂಗವೇ ಬರದು. ನಮ್ಮ ಮನೆಗಳಿಗೂ ಇದನ್ನು ಅನ್ವಯಿಸಿಕೊಳ್ಳಲು ಯಾರ ಅಪ್ಪಣೆಯೂ ಬೇಡ. ಅಂದಹಾಗೆ, ಅಲ್ಲಿನ ಸಾಕೆಟ್ಟಿನಲ್ಲಿ ಬರುವುದು 120 ವೋಲ್ಟ್. ಊರಿಂದ ಮಿಕ್ಸಿ ಒಯ್ದ ಕನ್ನಡಿಗರಿಗೆ ಪ್ಲಗ್ ಬದಲಿಸಿದರೆ ಸಾಲದು, ವೋಲ್ಟೇಜ್ ಏರಿಸುವ ಟ್ರಾನ್ಸ್‌ಫಾರ್ಮರ್ ಬೇಕೇಬೇಕು.

ಕರೆಂಟಿನ ಜತೆ ಗ್ಯಾಸಿನ ಲೆಕ್ಕವೂ ಬೇಕು. ಸಿಲಿಂಡರಿನ ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆ ಹರಡುತ್ತದೆ. ಪೈಪಿನಲ್ಲಿ ಬರುವ ನೈಸರ್ಗಿಕ ಅನಿಲ ಹಗುರ, ಚಾವಣಿಗೆ ಏರುತ್ತದೆ. ಆದ್ದರಿಂದ ಗ್ಯಾಸ್ ಡಿಟೆಕ್ಟರ್ ಮೊದಲನೆಯದಕ್ಕೆ ನೆಲದ ಬಳಿ, ಎರಡನೆಯದಕ್ಕೆ ಚಾವಣಿಯ ಬಳಿ ಇರಬೇಕು. ಸಿಲಿಂಡರ್ ಇಡುವ ಕಪಾಟಿನೊಳಗೆ ಪ್ಲಗ್ ಪಾಯಿಂಟ್ ಬೇಡವೇ ಬೇಡ. ವಾಸನೆ ಬಂದಾಗ ಸ್ವಿಚ್ ಹಾಕುವುದಷ್ಟೇ ಅಲ್ಲ, ಆರಿಸುವುದೂ ಅಪಾಯ, ಎರಡರಲ್ಲೂ ಕಿಡಿ ಹಾರುತ್ತದೆ. ಕಿಟಕಿ ತೆರೆದು ಹೊರಗೆ ಹೋಗಿ, ಅಲ್ಲಿಂದ ಎಲ್‌ಪಿಜಿ ಸಹಾಯವಾಣಿ 1906ಕ್ಕೆ ಕರೆ ಮಾಡಿ.

ಅಡುಗೆ ಕಟ್ಟೆಯನ್ನೂ ಹೊಸದು ಮಾಡುವುದಾದರೆ ನೆನಪಿಡಿ: 10 ಅಡಿ ಉದ್ದ, 2 ಅಡಿ ಅಗಲ, 20 ಮಿ.ಮೀ. ದಪ್ಪದ ಗ್ರಾನೈಟ್ ಚಪ್ಪಡಿ ಸುಮಾರು 100 ಕೆ.ಜಿ. ತೂಗುತ್ತದೆ. ಇಬ್ಬರೇ ಎತ್ತಲು ಹೋಗಬೇಡಿ. ಇಳಕಲ್ಲಿನ ಕೆಂಪು, ಚಾಮರಾಜನಗರದ ಕಪ್ಪು ಗ್ರಾನೈಟ್ ಹುಳಿಗೆ ಜಗ್ಗುವುದಿಲ್ಲ. ಅಮೃತಶಿಲೆಯ ಹೊಳಪನ್ನು ಮಾತ್ರ ನಿಂಬೆ, ಹುಣಸೆ ತಿಂದುಹಾಕುತ್ತವೆ. ಸಿಂಕ್ ಕೆಳಗಿನ ಕಪಾಟಿಗೆ ನೀರು ತಾಳುವ, ಐಎಸ್ 710 ಮುದ್ರೆಯ ಪ್ಲೈವುಡ್ ಕೊಳ್ಳಿ.

ಉಪಕರಣ ಹೆಚ್ಚಿದರೆ ಮಂಜೂರಾದ ಲೋಡ್ ಸಾಲದಾಗಬಹುದು. ವಿದ್ಯುತ್ ಬಿಲ್ಲಿನಲ್ಲಿ ಅದು ಕಿಲೋವ್ಯಾಟ್‌ನಲ್ಲಿ ಅಚ್ಚಾಗಿರುತ್ತದೆ. ಕಡಿಮೆಯಿದ್ದರೆ ಹೆಚ್ಚಿಸಲು ಅರ್ಜಿ ಕೊಡಿ.

ಕೊನೆಯದಾಗಿ ಆರ್‌ಸಿಸಿಬಿ. ಫೇಸಿನಲ್ಲಿ ಹೋದ ಕರೆಂಟ್ ನ್ಯೂಟ್ರಲ್‌ನಲ್ಲಿ ಅಷ್ಟೇ ವಾಪಸ್ ಬರುತ್ತಿದೆಯೇ ಎಂದು ಇದು ಸದಾ ಹೋಲಿಸುತ್ತದೆ. ವ್ಯತ್ಯಾಸ 30 ಮಿಲಿ ಆಂಪಿಯರ್ ಮುಟ್ಟಿದರೆ ಕ್ಷಣಾರ್ಧದಲ್ಲಿ ಲೈನ್ ಕತ್ತರಿಸುತ್ತದೆ. 30 ಮಿಲಿ ಆಂಪಿಯರ್ ಎಂದರೆ 7 ವ್ಯಾಟ್‌ನ ಸಣ್ಣ ಬಲ್ಬ್ ಉರಿಯುವಷ್ಟು. ಅದಕ್ಕಿಂತ ಸ್ವಲ್ಪ ಹೆಚ್ಚಿನ ಕರೆಂಟ್ ಎದೆಯ ಮೂಲಕ ಹಾದರೂ ಪ್ರಾಣಕ್ಕೆ ಅಪಾಯ. ಎಂಸಿಬಿಗೆ ಇಷ್ಟು ಸಣ್ಣ ಸೋರಿಕೆ ಗೊತ್ತೇ ಆಗುವುದಿಲ್ಲ. ಒದ್ದೆ ಕೈಯಲ್ಲಿ ಕೆಲಸ ನಡೆಯುವ ಅಡುಗೆಮನೆಗೆ ಎರಡೂ ಬೇಕು. ಬಜೆಟ್ ಬಿಗಿಯಾದರೆ ಚಿಮಣಿಯನ್ನು ಮುಂದೂಡಿ, ಇದನ್ನು ಬಿಡಬೇಡಿ. ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಮುಟ್ಟಿದವರನ್ನು ಮಾತ್ರ ಇದೂ ಉಳಿಸಲಾರದು.

ಆರ್‌ಸಿಸಿಬಿಯ ಮೇಲೆ ‘ಟಿ’ ಎಂದು ಬರೆದ ಪುಟ್ಟ ಗುಂಡಿಯಿದೆ. ಕರೆಂಟ್ ಇರುವಾಗ ತಿಂಗಳಿಗೊಮ್ಮೆ ಅದನ್ನು ಒತ್ತಿ. ಲಿವರ್ ಟಕ್ಕನೆ ಕೆಳಗೆ ಬಿದ್ದರೆ ಸರಿಯಾಗಿದೆ, ಬೀಳದಿದ್ದರೆ ವೈರ್‌ಮನ್‌ಗೆ ಹೇಳಿ ಬದಲಿಸಿ. ಇವತ್ತೇ ಒಮ್ಮೆ ಒತ್ತಿ ನೋಡಿ.